ಆರನೆಯ ದಿನದ ಹಾಳೆ

ಆ ಮಹಾನುಭಾವ ನಮ್ಮ ಅಂಗಡಿಗೆ ಕಾಲಿಟ್ಟಾಗ ನಾನು ಬಾಡಿಗೆ ಬೂಟಿಗೆ ಮೇಣ ಉಜ್ಜುತ್ತ ಕುಳಿತಿದ್ದೆ. ತಲೆ ಎತ್ತುವ ಮೊದಲೇ ಧ್ವನಿಯಿಂದ ಗೊತ್ತಾಯಿತು. ಹನ್ನೆರಡು ವರ್ಷ ಆದರೇನಂತೆ, ಎರಡು ದಿನ ನನ್ನ ಕಿವಿಯ ಪಕ್ಕದಲ್ಲೇ ನರಳಿದ ಧ್ವನಿ ಅದು. ಅವನಿಗೆ ಮಾತ್ರ ನನ್ನ ಗುರುತು ಸಿಗಲಿಲ್ಲ. ಹೇಗೆ ಸಿಗಬೇಕು? ಆ ಎರಡು ದಿನ ಅವನು ನೋಡಿದ್ದು ನನ್ನ ಬೆನ್ನನ್ನು; ಉಳಿದ ದಿನ ಇಂಥವರು ನಮ್ಮಂಥವರ ಮುಖ ನೋಡುವುದಿಲ್ಲ.

"ಬೇಸ್ ಕ್ಯಾಂಪಿಗೆ ಹೋಗ್ಬೇಕು. ಆರು ಜನ. ಪ್ಲಾನ್ ಬರೆಯೋದು ನೀವೇನಾ?" ಎಂದ.

"ನಾನೇ ಸರ್. ಕೂತ್ಕೊಳ್ಳಿ," ಎಂದೆ. ಇವನಿಗೆ ಸರ್ ಎಂದ ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ನಮ್ಮ ಕಸುಬಿನಲ್ಲಿ ದಿನಕ್ಕೊಂದು ಹಾಳೆ. ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರ, ಎಷ್ಟು ತಾಸು ನಡಿಗೆ, ನೀರು ಎಲ್ಲಿ, ಡೇರೆ ಎಲ್ಲಿ, ಎಲ್ಲವೂ ಅದರಲ್ಲಿ. ಒಂದೊಂದನ್ನೂ ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ದಾರದಲ್ಲಿ ಪೋಣಿಸಿ ಕೊಡುತ್ತೇವೆ. ನಡುವೆ ಒಂದು ದಿನ ನಡಿಗೆ ಇರುವುದಿಲ್ಲ. ತೆಳುವಾದ ಗಾಳಿಗೆ ದೇಹ ಒಗ್ಗಲಿ ಎಂದು ಸುಮ್ಮನೆ ಕೂರುವ ದಿನ. ಅದನ್ನು ನಾವು ಖಾಲಿ ದಿನ ಎನ್ನುತ್ತೇವೆ. ಬಂದವರ ಕಣ್ಣೆಲ್ಲ ಮೊದಲು ಬೀಳುವುದು ಅದರ ಮೇಲೇ.

ಇವನ ಕಣ್ಣೂ ಅಲ್ಲೇ ಬಿತ್ತು. "ಆರನೇ ದಿನ ಏನ್ರೀ ಇದು ಖಾಲಿ? ನಾವೇನು ಅಲ್ಲಿ ಕೂತು ಮೊಟ್ಟೆ ಇಡೋಕೆ ಹೋಗ್ತಿದೀವಾ?" ಎಂದು ತಾನೇ ನಕ್ಕ.

ಅದೇ ಮಾತು. ಅದೇ ನಗು. ಹನ್ನೆರಡು ವರ್ಷದಲ್ಲಿ ಪುಣ್ಯಾತ್ಮನಿಗೆ ಹೊಸದೊಂದು ಜೋಕೂ ಹುಟ್ಟಿರಲಿಲ್ಲ.

ಆಗ ನಾನು ಇವನ ತಂಡದ ಗೈಡ್ ಆಗಿದ್ದೆ. ಐದನೇ ದಿನದ ರಾತ್ರಿ ಡೇರೆಯಲ್ಲಿ, ಖಾಲಿ ದಿನ ಬಿಡಲು ಆಗುವುದಿಲ್ಲ ಎಂದೆ. ಇವನು ಕೇಳಲಿಲ್ಲ. ಪ್ಲಾನ್ ಬದಲಾಯಿಸಿದವರು ಆ ದಿನದ ಹಾಳೆಯ ಮೇಲೆ ತಮ್ಮ ಕೈಯಾರೆ ಬರೆದುಕೊಡಬೇಕು, ಅದು ಗೈಡುಗಳ ಕಟ್ಟಳೆ. ಇವನು ನನ್ನ ಕೈಯಿಂದ ಪೆನ್ನು ಕಸಿದು, ಬಾಯಲ್ಲಿ ಹೇಳುತ್ತ ಹೇಳುತ್ತ ಗೀಚಿಕೊಟ್ಟ. ಮರುದಿನ ಸಂಜೆ ಮೇಲೆ ಹೋಗಿ ವಾಂತಿ ಮಾಡಿಕೊಂಡ. ನಾಲಿಗೆ ತೊದಲಿತು, ಕಾಲು ನಿಲ್ಲಲಿಲ್ಲ. ಉಳಿದವರನ್ನು ಅಡುಗೆಯವನ ಜೊತೆ ಇಳಿಸಿ, ಇವನನ್ನು ಬೆನ್ನ ಮೇಲೆ ಕಟ್ಟಿಕೊಂಡು ಎರಡು ದಿನ ಹಿಮದಲ್ಲಿ ನಡೆದೆ. ಬೂಟಿನೊಳಗೆ ಹಿಮ ಹೊಕ್ಕಿತು. ನಿಂತು ಬಿಚ್ಚಿ ಒರೆಸಿಕೊಳ್ಳೋಣವೆಂದರೆ ಇವನ ಉಸಿರು ನಿಲ್ಲುತ್ತಿತ್ತು. ಈಗ ನನ್ನ ಎಡಗಾಲಿನಲ್ಲಿ ಒಂದು ಬೆರಳೂ ಇಲ್ಲ.

ನಾನು ಆಸ್ಪತ್ರೆಯ ಮಂಚದ ಮೇಲಿರುವಾಗಲೇ ಮಹಾನುಭಾವ ಪತ್ರಿಕೆಯವರ ಮುಂದೆ ಕೂತು ಕಥೆ ಹೇಳಿದ. ಗೈಡ್ ದಾರಿ ತಪ್ಪಿಸಿದನಂತೆ. ಹೆದರಿ ಬಿದ್ದನಂತೆ. ಇವನೇ ಗೈಡನ್ನು ಹೊತ್ತು ತಂದನಂತೆ! ವಿಚಾರಣೆಯಲ್ಲಿ ನಾನು ಆ ಹಾಳೆ ತೋರಿಸಿದೆ. ಮೂರು ಜನ ದೊಡ್ಡವರು ಅದನ್ನು ಹಾಗೆ ತಿರುಗಿಸಿ ಹೀಗೆ ತಿರುಗಿಸಿ ನೋಡಿದರು. "ಏನ್ರೀ ಇದು, ಕೋಳಿ ಕೆದರಿದ ಹಾಗಿದೆ? ಸಹಿನೂ ಇಲ್ಲ," ಎಂದರು. ಇವನನ್ನು ಕೇಳಿದರೆ, ಇದು ನನ್ನ ಅಕ್ಷರವೇ ಅಲ್ಲ ಎಂದುಬಿಟ್ಟ. ನನ್ನ ಗೈಡ್ ಲೈಸೆನ್ಸ್ ಹೋಯಿತು, ಈ ಅಂಗಡಿ ಹಾಕಿದೆ. ಹಾಳೆಯನ್ನು ನನ್ನವಳು ಮಡಿಸಿ, ಮೇಣದ ಡಬ್ಬಿಗಳ ಹಿಂದೆ ಇಟ್ಟಳು.

"ಹಿಂದೊಂದ್ಸಲ ಒಬ್ಬ ದಂಡಪಿಂಡ ಗೈಡ್ ಗಂಟುಬಿದ್ದಿದ್ದ," ಎಂದು ಅವನು ನನ್ನ ಮುಖಕ್ಕೇ ಹೇಳಿದ. "ನಾನೇ ಹೊತ್ಕೊಂಡ್ ಬರ್ಬೇಕಾಯ್ತು. ಈ ಸಲ ಒಳ್ಳೇವನ್ನ ಕೊಡಿ."

ಪಿತ್ತ ನೆತ್ತಿಗೇರಿತು. ಆದರೂ ಧ್ವನಿ ಏರಿಸದೆ ಹೇಳಿದೆ: "ಆಗ್ಲಿ ಸರ್. ಖಾಲಿ ದಿನಾನೂ ತೆಗೆದುಬಿಡೋಣ."

ಗಲ್ಲೆಯಲ್ಲಿ ಕೂತು ದುಡ್ಡು ಎಣಿಸುತ್ತಿದ್ದ ನನ್ನವಳ ಕೈ ನಿಂತಿತು. ನಾನು ಯಾರಿಗೂ ಆ ಮಾತು ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಅವನು ಮೆಟ್ಟಿಲಿಳಿದದ್ದೇ ತಡ, ಎದ್ದು ಬಂದಳು.

"ಏನ್ರೀ ಅದು ನೀವು ಹೇಳಿದ್ದು?"

"ಅವನು ಕೇಳ್ದ, ನಾನು ಕೊಟ್ಟೆ. ಹೋಗ್ಲಿ. ಅಲ್ಲೇ ಬಿದ್ದು ಸಾಯ್ಲಿ."

"ಕರ್ಕೊಂಡ್ ಹೋಗೋನು ನನ್ನ ತಮ್ಮ. ಆ ಮನುಷ್ಯ ಬಿದ್ರೆ ಹೊತ್ಕೊಂಡ್ ಬರೋರು ಯಾರು, ನೀವಾ?"

"ನಿನ್ನ ತಮ್ಮ ಬಿಟ್ಟು ಬರ್ಲಿ!"

"ನೀವು ಬಿಟ್ಟು ಬಂದ್ರಾ?" ಎಂದಳು. ಮಾತಿನಲ್ಲಿ ಸೋತಾಗ ನಾನು ಕೂಗಾಡುತ್ತೇನೆ, ಆವತ್ತೂ ಕೂಗಾಡಿದೆ. ಅವಳು ಊಟದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋದಳು.

ಮರುದಿನ ಅವನ ಮಗಳು ಒಬ್ಬಳೇ ಬಂದಳು, ಬೂಟು ಆರಿಸಲು. ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು. ಇವಳೂ ಹೋಗುವವಳೇ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ದಪ್ಪ ಕಾಲುಚೀಲ ಹಾಕಿಸುವ ಮೊದಲು ಪಾದ ಅಳೆದೆ. ಹತ್ತು ಬೆರಳು, ಒಂದೊಂದೂ ಸರಿಯಾಗಿ ಅದರದರ ಜಾಗದಲ್ಲಿ.

"ಇಳಿಯೋವಾಗ ಬೆರಳು ಮುಂದೆ ಬಡೀಬಾರ್ದಮ್ಮ. ಪಾದ ಮುಂದೆ ತಳ್ಳಿದ್ರೆ ಹಿಮ್ಮಡಿ ಹಿಂದೆ ನನ್ನ ಒಂದು ಕೈಬೆರಳು ಹೋಗೋಷ್ಟು ಜಾಗ ಇರ್ಬೇಕು," ಎಂದೆ.

"ಅಪ್ಪನ ಕಥೆ ಕೇಳಿ ಕೇಳಿನೇ ನಾನು ಬೆಳೆದಿದ್ದು ಅಂಕಲ್," ಎಂದಳು. "ಎರಡು ದಿನ ಒಬ್ಬ ಮನುಷ್ಯನ್ನ ಬೆನ್ನ ಮೇಲೆ ಹೊರೋದು ಅಂದ್ರೆ! ಆ ದಾರೀಲಿ ಒಂದ್ಸಲನಾದ್ರೂ ನಡೀಬೇಕು ಅಂತ."

ಅವಳ ಮೇಲೂ ಸಿಟ್ಟು ಬರಲಿ ಎಂದು ಹಲ್ಲು ಕಚ್ಚಿದೆ. ಬರಲಿಲ್ಲ. ಲೇಸು ಬಿಗಿದು ಕಳಿಸಿದೆ. ಆಮೇಲೆ ಮೇಣದ ಡಬ್ಬಿಗಳನ್ನು ಒಂದೊಂದಾಗಿ ಸರಿಸಿ ಆ ಹಾಳೆ ತೆಗೆದೆ. ಸಾಯಿಸುವುದು ಬೇಡ. ಸತ್ತರೆ ಅವನಿಗೆ ಇನ್ನೊಂದು ಹಾರ ಬೀಳುತ್ತದೆ ಅಷ್ಟೇ.

ಹೊರಡುವ ಮುಂಚೆ ತಂಡದವರೆಲ್ಲ ಅಂಗಡಿಯಲ್ಲಿ ಕೂತು ಪ್ಲಾನನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ತಂಡದ ಹಿರಿಯ ಓದುತ್ತಾನೆ, ಉಳಿದವರು ಕೇಳುತ್ತಾರೆ, ಗೈಡ್ ತಲೆಯಾಡಿಸುತ್ತಾನೆ. ಆ ಶನಿವಾರ ಮಧ್ಯಾಹ್ನ ಆರೂ ಜನ ಬಂದರು. ಬೆಂಚಿನ ಮೇಲೆ ಮಗಳು, ಅವನ ಕ್ಲಬ್ಬಿನ ನಾಲ್ವರು ಗೆಳೆಯರು, ಬಾಗಿಲ ಬಳಿ ನನ್ನ ಭಾವಮೈದ. ಮಹಾನುಭಾವ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಭಾಷಣದ ಧ್ವನಿಯಲ್ಲಿ ಶುರುಮಾಡಿದ. ಹಾಳೆಗಳ ಫಾರಂ ಹನ್ನೆರಡು ವರ್ಷದಿಂದ ಬದಲಾಗಿರಲಿಲ್ಲ, ತುಂಬಿದ ಅಕ್ಷರವೂ ಅಂದಿನಿಂದ ನನ್ನದೇ. ಐದು ದಿನ ಸರಾಗವಾಗಿ ಮುಗಿಯಿತು.

"ಆರನೇ ದಿನ. ಎರಡನೇ ಕ್ಯಾಂಪು. ನಡಿಗೆ ಇಲ್ಲ... ಹಾಂ, ಇದನ್ನ ಹೊಡೆದು ಹಾಕಿದಾರೆ, ಸರಿ." ಓದಿನ ಓಘದಲ್ಲಿ ಪಕ್ಕದ ಗೀಚಿಗೂ ನುಗ್ಗಿದ. "ಖಾಲಿ ದಿನ ಬೇಡ. ಗೈಡ್ ಒಪ್ಪುತ್ತಿಲ್ಲ. ಹತ್ತಲು ಹೇಳಿದವನು ನಾನು. ಏನಾದರೂ ಆದರೆ ಹೊಣೆ..."

ನಿಂತ.

"ಮುಂದೆ ಓದಿ ಸರ್. ಇನ್ನೊಂದೇ ಪದ ಇದೆ," ಎಂದೆ.

ಓದಲಿಲ್ಲ. ಪಕ್ಕದ ಗೆಳೆಯ ಬಗ್ಗಿ ನೋಡಿದ. "ಏನಪ್ಪಾ ಇದು, ಒಂದಕ್ಷರ ಗೊತ್ತಾಗ್ತಿಲ್ಲ. ನೀನು ಹೇಗೆ ಓದ್ದೆ?"

"ವಿಚಾರಣೆ ಮಾಡಿದ ದೊಡ್ಡೋರಿಗೂ ಗೊತ್ತಾಗ್ಲಿಲ್ಲ ಸರ್," ಎಂದೆ. "ಬರೆದೋರಿಗೆ ಮಾತ್ರ ನೀರು ಕುಡಿದಷ್ಟು ಸುಲಭ."

ಮಗಳು ಎದ್ದು ಬಂದು ಅಪ್ಪನ ಭುಜದ ಮೇಲಿಂದ ಹಾಳೆ ನೋಡಿದಳು. "ಹೊಣೆ ನನ್ನದು," ಎಂದು ಮೆಲ್ಲಗೆ ಓದಿದಳು. "ಇದು ನಿಮ್ಮ ಅಕ್ಷರ ಅಪ್ಪಾ. ಯಾವಾಗ ಬರೆದಿದ್ದು?"

"ಹನ್ನೆರಡು ವರ್ಷ ಆಯ್ತಮ್ಮ. ಪ್ಲಾನ್ ಬದಲಾಯಿಸಿದವರು ಕೈಯಾರೆ ಬರ್ಕೊಡ್ಬೇಕು, ಅದು ನಮ್ಮ ಕಟ್ಟಳೆ," ಎಂದೆ ನಾನು.

ಆಗ ಅವನು ನನ್ನ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ನೋಡಿದ. "ನೀನು..."

"ಗೈಡು ಸರ್. ದಂಡಪಿಂಡ." ಎಡಗಾಲಿನ ಬೂಟು ಬಿಚ್ಚಿದೆ, ಕಾಲುಚೀಲ ಕಿತ್ತೆ, ಪಾದವನ್ನು ಅವನ ಮುಂದಿನ ಸ್ಟೂಲಿನ ಮೇಲೆ ಇಟ್ಟೆ. "ನೀವೇ ಹೊತ್ಕೊಂಡ್ ಬಂದ್ರಂತಲ್ಲ. ಇದರ ಬೆರಳು ಎಲ್ಲಿ ಬೀಳಿಸ್ಕೊಂಡ್ರಿ?"

ಮಗಳು ಪಾದವನ್ನೇ ನೋಡುತ್ತಿದ್ದಳು. ಅವನು, "ಆಗಿನ ಪರಿಸ್ಥಿತಿ ಬೇರೆ ಇತ್ತು, ನಿನಗೆ ಅರ್ಥ ಆಗಲ್ಲ, ನಡಿ ಮನೆಗೆ," ಎಂದು ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

"ಅಂಕಲ್, ಪ್ಲಾನ್ ಬದಲಾಯಿಸಿದವರು ಕೈಯಾರೆ ಬರೀಬೇಕು ಅಲ್ವಾ?" ಎಂದಳು.

"ಹೌದಮ್ಮ."

ಖಾಲಿ ದಿನ ಇದ್ದ ಹೊಸ ಹಾಳೆಯನ್ನು ಅವಳ ಮುಂದಿಟ್ಟೆ, ತಂಡದ ಪಟ್ಟಿಯನ್ನೂ ಇಟ್ಟೆ. ಅವಳು ನನ್ನ ಪೆನ್ನು ತೆಗೆದುಕೊಂಡು, ಪಟ್ಟಿಯ ಮೊದಲ ಹೆಸರಿನ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಪಕ್ಕದಲ್ಲಿ ದುಂಡಗೆ, ಯಾರು ಬೇಕಾದರೂ ಓದುವ ಹಾಗೆ ಬರೆದಳು: "ಅಪ್ಪ ಬರುವುದಿಲ್ಲ. ಹೇಳಿದವಳು ನಾನು." ಕೆಳಗೆ ಸಹಿಯನ್ನೂ ಹಾಕಿದಳು.

ಮಹಾನುಭಾವ ಕನ್ನಡಕವನ್ನು ಮೇಜಿನ ಮೇಲೇ ಮರೆತು ಹೋದ. ಗೆಳೆಯರಲ್ಲಿ ಒಬ್ಬನೂ ಅವನ ಹಿಂದೆ ಹೋಗಲಿಲ್ಲ. ನನ್ನವಳು ಬಾಗಿಲವರೆಗೆ ಹೋಗಿ ನೋಡಿ ಬಂದು, ಬಿಚ್ಚಿಟ್ಟ ಕಾಲುಚೀಲವನ್ನು ನನ್ನ ಕೈಗೆ ಕೊಟ್ಟಳು.

"ಈಗಾದ್ರೂ ಸಮಾಧಾನ ಆಯ್ತಾ?"

"ಇಲ್ಲ ಕಣೇ," ಎಂದೆ. "ಇನ್ನೊಂದ್ಸಲ ಓದಿಸ್ಬೇಕಿತ್ತು."