ಬೈರಣ್ಣನವರ ಹಲೋ ಯಾರಿಗೂ ಕೇಳಲಿಲ್ಲ

೨೦೦೫ರ ಮಾತು. ಕಡಲಿನಿಂದ ದೂರದ ಬಿಳೇಕಹಳ್ಳಿಯ ಬೈರಣ್ಣನವರ ಮೀನುಗಾರಿಕೆ ದೋಣಿ ಇದ್ದದ್ದು ಮಲ್ಪೆ ಬಂದರಿನಲ್ಲಿ. ಆದರೆ ಅದರ ವೈರ್‌ಲೆಸ್ ಸೆಟ್ಟು ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುವ ಎರಡು ತಿಂಗಳೂ ಅವರ ಮನೆಯ ಶೋಕೇಸಿನಲ್ಲಿತ್ತು. ತುಕ್ಕು ಹಿಡಿಯಬಾರದೆಂದು ಬಿಚ್ಚಿ ತಂದಿದ್ದರು. ನೆಂಟರು ಬಂದರೆ ಸಾಕು, ಅದನ್ನು ಸ್ಕೂಟರ್ ಬ್ಯಾಟರಿಗೆ ಸಿಕ್ಕಿಸಿ, ಮೈಕಿನ ಗುಂಡಿ ಒತ್ತಿ "ಹಲೋ, ಹಲೋ" ಎಂದು ತೋರಿಸುತ್ತಿದ್ದರು.

"ಕಾಫಿಗಿಂತ ಮುಂಚೆ ಇದೇ ಶಾಸ್ತ್ರ," ಎಂದು ಹೆಂಡತಿ ಮುನಿವೆಂಕಟಮ್ಮ ಅಡುಗೆಮನೆಯಿಂದಲೇ ಗೊಣಗುತ್ತಿದ್ದರು.

ಮಹಡಿಯಲ್ಲಿ ಬಾಡಿಗೆಗಿದ್ದವಳು ಬಾಗಲಕೋಟೆ ಕಡೆಯ ಅನ್ನಪೂರ್ಣ. ಜಯನಗರದ ಒಂದು ಟ್ಯಾಕ್ಸಿ ಕಂಪನಿಯಲ್ಲಿ ಕೂತು, ವೈರ್‌ಲೆಸ್ಸಿನಲ್ಲಿ ಕಾರುಗಳನ್ನು ಕಳಿಸುವುದು ಅವಳ ಕೆಲಸ. ಅವಳ ತಮ್ಮ ಸಿದ್ದಾರೂಢ ದುಡಿಯುತ್ತಿದ್ದುದು ಬೈರಣ್ಣನವರ ದೋಣಿಯಲ್ಲೇ.

"ಅಣ್ಣಾರ, ಆಂಟೆನಾ ಇಲ್ಲದಾಗ ಆ ಗುಂಡಿ ಒತ್ತಬ್ಯಾಡ್ರಿ. ಸೆಟ್ ಸುಡ್ತದ. ಎಷ್ಟ್ ಸಲ ಹೇಳ್ಬೇಕ್ರಿ?"

"ಏನೂ ಆಗಿಲ್ಲ ಬಿಡಮ್ಮ. ಗೊರಗೊರ ಅಂತ ಸೌಂಡ್ ಸಖತ್ತಾಗಿ ಬರ್ತೈತೆ."

"ಸೌಂಡ್ ಬರೂದು ಬ್ಯಾರೆ, ನಮ್ಮ ಮಾತು ಹೋಗೂದು ಬ್ಯಾರೆ. ನಾವು ದಿನಾ ಮುಂಜಾನೆ ಒಂದೊಂದು ಕಾರನ್ನೂ ಕರೀತೀವಿ. ಡ್ರೈವರ್ ತಿರುಗಿ 'ಕೇಳಸ್ತು' ಅಂದ ಮ್ಯಾಲೇನ ಕಾರು ಗೇಟ್ ದಾಟೂದು."

"ಅದು ಟ್ಯಾಕ್ಸಿ ಕಣಮ್ಮ, ಇದು ದೋಣಿ!"

"ಟ್ಯಾಕ್ಸಿ ಕೆಟ್ರ ಇಳದು ನಡಕೊಂತ ಬರಬಹುದು. ನನ್ನ ತಮ್ಮ ಎಲ್ಲಿ ಇಳೀಬೇಕ್ರಿ?"

ಬೈರಣ್ಣನವರು ಟಿವಿಯ ಸೌಂಡ್ ಜಾಸ್ತಿ ಮಾಡಿದರು.

ಆಗಸ್ಟಿನಲ್ಲಿ ಸೆಟ್ಟು ಮಲ್ಪೆಗೆ ಹೋಯಿತು. ಒಂದು ಬುಧವಾರ ಬೆಳಿಗ್ಗೆ ಸಿದ್ದಾರೂಢ ಅಕ್ಕನಿಗೆ ಫೋನ್ ಮಾಡಿದ. ಸೆಟ್ಟು ಕೂರಿಸಿದ್ದಾಗಿದೆ, ಮಧ್ಯಾಹ್ನ ಕಡಲಿಗೆ ಹೊರಡುತ್ತೇವೆ ಎಂದ. ಅನ್ನಪೂರ್ಣ ದಡದಡ ಕೆಳಗಿಳಿದು, ಸ್ಪೀಕರ್ ಹಾಕಿ ಮೊಬೈಲನ್ನು ಬೈರಣ್ಣನವರ ಮುಂದಿಟ್ಟಳು.

"ಸಿದ್ದೂ, ಬಾಜೂ ದೋಣಿಯವರನ್ನ ಸೆಟ್‌ನಾಗ ಕರಿ. ಹದಿನಾರನೇ ಚಾನೆಲ್ ಬ್ಯಾಡ, ಅದು ಅಪಾಯದ ಕರೆಗೆ ಇರೂದು. ಇಬ್ರೂ ಒಂದ ಬ್ಯಾರೆ ಚಾನೆಲ್ ಹಚ್ಚಿ, ದೋಣಿ ಹೆಸರು ಹೇಳಿ, ಕೇಳಸ್ತದೇನು ಅಂತ ಕೇಳು."

ಅವನು ಒಂದು ಸಲ ಕರೆದ. ಎರಡು ಸಲ, ಮೂರು ಸಲ. ಉತ್ತರವಿಲ್ಲ. ಕೊನೆಗೆ ಪಕ್ಕದ ದೋಣಿಯಿಂದ ಕರೆಪ್ಪ ಎಂಬವನು ಕೂಗಿದ್ದು ಮೊಬೈಲಿನಲ್ಲೇ ಕೇಳಿಸಿತು:

"ಏ ಸಿದ್ಯಾ, ನಿನ್ನ ಬಾಯಿ ಅಷ್ಟ ಆಡಾಕತ್ತದ! ಸೆಟ್‌ನಾಗ ಏನೂ ಬರವಲ್ದು!"

ಬೈರಣ್ಣನವರು ಟಿವಿ ಆರಿಸಿದರು. "ದೋಣಿ ನಿಲ್ಲಿಸು ಅಂತ ಹೇಳಮ್ಮ."

"ನೀವ ಹೇಳ್ರಿ. ಮಾಲೀಕರು ನೀವು."

ಅವರೇ ಹೇಳಿದರು. ಬಂದರಿನ ಮೆಕ್ಯಾನಿಕ್ ಸೆಟ್ಟು ಬಿಚ್ಚಿ ನೋಡಿದ. ಯಾರೋ ಆಂಟೆನಾ ಇಲ್ಲದೆ ಗುಂಡಿ ಒತ್ತಿ ಒತ್ತಿ, ಮಾತು ಕಳಿಸುವ ಭಾಗವನ್ನೇ ಸುಟ್ಟಿದ್ದಾರೆ ಎಂದ.

"ಯಾರೋ ಅಂತೆ!" ಎಂದರು ಮುನಿವೆಂಕಟಮ್ಮ.

ಶುಕ್ರವಾರ ಸೆಟ್ಟು ರಿಪೇರಿಯಾಗಿ ಬಂತು. ಸಿದ್ದಾರೂಢ ಮತ್ತೆ ಕರೆದ. ಈ ಸಲ ಕರೆಪ್ಪನ ದನಿ ಸೆಟ್ಟಿನೊಳಗಿಂದಲೇ ಬಂತು: "ಕೇಳಸ್ತು. ಸ್ವಚ್ಛ ಕೇಳಸ್ತು." ಆಮೇಲೆ ದೋಣಿ ಹೊರಟಿತು.

ದೋಣಿಯ ಮಾಲೀಕರೇ, ನೀವು ಕಡಲ ದಂಡೆಯಲ್ಲಿರಿ, ಬಿಳೇಕಹಳ್ಳಿಯಲ್ಲಿರಿ, ಗೊರಗೊರ ಸದ್ದನ್ನು ನಂಬಿ ಕೂರಬೇಡಿ. ನೆಂಟರಿಗೆ ತೋರಿಸಲೇಬೇಕೆಂದಿದ್ದರೆ ದೋಣಿಯ ಫೋಟೋ ತೋರಿಸಿ, ಸೆಟ್ಟಿನ ಗುಂಡಿ ಮುಟ್ಟಬೇಡಿ. ಪ್ರತಿ ಸಲ ಹೊರಡುವ ಮುಂಚೆ, ದೋಣಿಯದೇ ಬ್ಯಾಟರಿ, ದೋಣಿಯದೇ ಆಂಟೆನಾದಲ್ಲಿ ಇನ್ನೊಂದು ದೋಣಿಯನ್ನು ಕರೆಸಿ. ಅಲ್ಲಿಂದ ಉತ್ತರ ಬರುವವರೆಗೆ ಹಗ್ಗ ಬಿಚ್ಚಿಸಬೇಡಿ.