ಅರ್ಜೆಂಟಮ್ಮನ ಕೆಂಪು ಪತ್ರ

ಕಚೇರಿಯಲ್ಲಿ ಆಕೆಗೆ ಅರ್ಜೆಂಟಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಹೆಸರು ಮಾತ್ರ ಹೇಳಿ ಮಾಡಿಸಿದ ಹಾಗಿತ್ತು. ಗಡಿಯ ಎರಡೂ ಕಡೆಯ ಜನ ಸತ್ತ ಒಂದು ಬಾಂಬ್ ಸ್ಫೋಟದ ನಂತರ ಎರಡು ದೇಶಗಳೂ ಬುದ್ಧಿ ಕಲಿತು ಸುದ್ದಿ ಹಂಚಿಕೊಳ್ಳಲು ಒಂದೊಂದು ಮೇಜು ಹಾಕಿದ್ದವು. ಇಲ್ಲೊಂದು, ಆಚೆ ಸೇತುವೆಯ ಪಕ್ಕದ ಕಟ್ಟಡದಲ್ಲೊಂದು, ನಡುವೆ ನೇರ ಟೆಲಿಫೋನು. ಇಲ್ಲಿನ ಮೇಜಿಗೆ ಈಕೆ ಬಂದು ಒಂಬತ್ತು ವರ್ಷ. ಅಪಾಯದ ಆಸಾಮಿ ಗಡಿ ದಾಟುತ್ತಾನೆಂಬ ಸುದ್ದಿ ಬಂದರೆ ಸಾಕು, ಬಂಧನದ ಕೆಂಪು ಪತ್ರ ತುಂಬಿ ಆರೇ ನಿಮಿಷದಲ್ಲಿ ಫ್ಯಾಕ್ಸ್ ಮಾಡಿಬಿಡುವಳು.

ಆಚೆಯ ಮೇಜಿನವನು ಇದಕ್ಕೆ ತದ್ವಿರುದ್ಧ. ಪತ್ರದಲ್ಲಿ ತಪ್ಪು ಹುಡುಕದಿದ್ದರೆ ಆ ಪುಣ್ಯಾತ್ಮನಿಗೆ ಉಂಡದ್ದು ಅರಗದು. ಎತ್ತರ ಬರೆದಿಲ್ಲ, ಸಹಿ ಗೆರೆ ದಾಟಿದೆ ಎಂದು ವಾಪಸ್ ಕಳಿಸುವನು. ಅವನಿಗೆ ಈಕೆ ಇಟ್ಟ ಹೆಸರು ಕೊಕ್ಕೆ ಸಾಹೇಬ. ಒಂಬತ್ತು ವರ್ಷ ಫೋನಿನಲ್ಲಿ ಜಗಳವಾಡಿದ್ದರೂ ಮುಖ ನೋಡಿದ್ದು ಒಮ್ಮೆಯೂ ಇಲ್ಲ.

ಆ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಓಡಿಬಂದ ಟೈಲರಮ್ಮ.

"ಮಗಳು ಹೋಗ್ಬಿಟ್ಟಿದಾಳೆ ಮೇಡಂ. ಹತ್ತೊಂಬತ್ತು ವರ್ಷ. ಆಚೆ ದೇಶದಲ್ಲಿ ನರ್ಸ್ ಕೆಲಸ ಸಿಕ್ಕಿದೆ ಅಂತ ಚೀಟಿ ಬರೆದಿಟ್ಟು, ಬೆಳಿಗ್ಗೆ ಆರರ ಬಸ್ಸು ಹತ್ತಿದಾಳೆ. ಎಲ್ಲಾ ಸುಳ್ಳು. ಇದನ್ನ ನೋಡಿ."

ಮಗಳು ಬಿಟ್ಟುಹೋದ ಹಳೆಯ ಫೋನು. ಅದರಲ್ಲಿ 'ಅಣ್ಣ' ಎಂಬುವನೊಬ್ಬನ ಎಂಟು ತಿಂಗಳ ಸಂದೇಶಗಳು. ಮೊದಮೊದಲು ಬೆಣ್ಣೆಯಂಥ ಮಾತು. ಆಮೇಲೆ, ನಿನ್ನ ಗೆಳತಿಯರು ಸರಿಯಿಲ್ಲ. ಆಮೇಲೆ, ನಿನ್ನಮ್ಮನಿಗೆ ಇದೆಲ್ಲ ಅರ್ಥವಾಗಲ್ಲ, ಹೇಳಬೇಡ. ಕೊನೆಯದು ನಿನ್ನೆಯದು: ಸೇತುವೆ ದಾಟಿದರೆ ವ್ಯಾನ್ ಕಾಯುತ್ತಿರುತ್ತದೆ, ಶಿಬಿರದಲ್ಲಿ ಬಂದೂಕು ಹಿಡಿಯುವುದನ್ನು ಕಲಿಸುತ್ತೇವೆ. ಅರ್ಜೆಂಟಮ್ಮನ ಮೈ ಉರಿದುಹೋಯಿತು. ಅಣ್ಣನಂತೆ, ಅಣ್ಣ! ಇವನ ನಾಲಿಗೆ ಸೇದಿಹೋಗ!

"ಬಸ್ಸಿನ ನಂಬರ್ ಹೇಳಿ."

"ಮೊದಲು ಮಾತು ಕೊಡಿ. ನನ್ನ ಮಗಳು ಇನ್ನೂ ಯಾರಿಗೂ ಏನೂ ಮಾಡಿಲ್ಲ. ಅವಳನ್ನ ಜೈಲಿಗೆ ಹಾಕಲ್ಲ ಅಂತ ಹೇಳಿ."

"ಹಾಕಲ್ಲ. ತಡೆದು ವಾಪಸ್ ಕಳಿಸ್ತಾರೆ. ಮಾತು ಕೊಟ್ಟೆ."

ಬಸ್ಸು ಎರಡಕ್ಕೆ ಸೇತುವೆ ತಲುಪುವುದು. ಅರ್ಜೆಂಟಮ್ಮ ಪತ್ರ ತುಂಬಿದಳು, ಕಳಿಸಿದಳು. ಆರೇ ನಿಮಿಷ. ಉಸಿರು ಬಿಟ್ಟು ಕುರ್ಚಿಗೆ ಒರಗುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಪತ್ರ ಬಂತು, ಸೇತುವೆ ಮೇಲೆ ಬಂಧಿಸ್ತೀವಿ," ಎಂದ ಕೊಕ್ಕೆ ಸಾಹೇಬ. "ಅಂದ ಹಾಗೆ ಅಭಿನಂದನೆ ಕಣ್ರೀ. ಮೊದಲನೇ ಸಲ ನಿಮ್ಮ ಪತ್ರದಲ್ಲಿ ಒಂದೂ ತಪ್ಪಿಲ್ಲ."

ಬಂಧಿಸ್ತೀವಿ? ಅರ್ಜೆಂಟಮ್ಮ ಪ್ರತಿಯನ್ನು ನೋಡಿದಳು. ಕೆಂಪು. ಅಯ್ಯೋ ದೇವರೇ! ಮನೆಯವರೇ ಬಂದು ಹೇಳಿದರೆ, ಅಪರಾಧ ಇನ್ನೂ ನಡೆದಿಲ್ಲದಿದ್ದರೆ, ತುಂಬಬೇಕಾದದ್ದು ಕೆಳಗಿನ ಖಾನೆಯ ಹಳದಿ ಪತ್ರ: ತಡೆಯಿರಿ, ಕಾಪಾಡಿ, ಮರಳಿಸಿ. ಒಂಬತ್ತು ವರ್ಷದಲ್ಲಿ ಯಾವ ತಾಯಿಯೂ ಬಂದಿರಲಿಲ್ಲ, ಆ ಖಾನೆ ತೆರೆದಿರಲಿಲ್ಲ. ಕೈ ತಾನಾಗಿಯೇ ಮೇಲಿನ ಖಾನೆಗೆ ಹೋಗಿತ್ತು. ಕೆಂಪು ಪತ್ರದವರಿಗೆ ಆಚೆ ಜಾಮೀನಿಲ್ಲ, ವಿಚಾರಣೆಗೇ ಮೂರು ವರ್ಷ. ಕಳಿಸಿದವರು ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ತಪ್ಪಿದ್ದರೆ, ಪಡೆದವರು ಮಾತ್ರ ತಿರುಗಿ ಕಳಿಸಬಹುದು.

"ಸಾಹೇಬ್ರೇ, ಒಂದು ತಪ್ಪು ಹುಡುಕಿ," ಎಂದಳು. "ಎತ್ತರ?"

"ಬರೆದಿದೀರ."

"ಸಹಿ?"

"ಗೆರೆ ಒಳಗೇ ಇದೆ."

"ದಿನಾ ಮೊಸರಲ್ಲಿ ಕಲ್ಲು ಹುಡುಕೋರು ನೀವು! ಇವತ್ತೇನು ಕಣ್ಣಿಗೆ ಪೊರೆ ಬಂತಾ?"

"ಇಲ್ಲದ ತಪ್ಪು ನನ್ನಿಂದ ಬರೆಯೋಕಾಗಲ್ಲಮ್ಮ. ಇವತ್ತು ಈ ಹುಡುಗಿಗೆ ಸುಳ್ಳು ಬರೆದ್ರೆ, ನಾಳೆ ಬಾಂಬ್ ಹೊತ್ತೋನಿಗೂ ಯಾರೋ ಬರೆಸ್ತಾರೆ. ನಡೆದದ್ದೇನು, ಅದನ್ನ ಹೇಳಿ."

ಹೇಳಿದಳು. ಆತ ಕೇಳಿಸಿಕೊಂಡ.

"ಹಾಗಾದ್ರೆ ತಪ್ಪು ಪತ್ರದಲ್ಲಿಲ್ಲ, ನಿಮ್ಮಲ್ಲಿದೆ. ಅದನ್ನೇ ಬರೆದು ಸಹಿ ಹಾಕಿ ಕಳಿಸಿ, ಕೆಂಪು ತಿರುಗಿಸ್ತೀನಿ. ಜೊತೆಗೆ ಹಳದಿ. ಅದಕ್ಕೆ ತಾಯಿ ಹೆಸರು, ಸಹಿ ಬೇಕು. ಎರಡೂ ದೇಶದ ಕಡತಕ್ಕೆ ಹೋಗುತ್ತೆ. ಆ ಗುಂಪಿನೋರ ಕಿವಿಗೆ ಬೀಳಲ್ಲ ಅಂತ ನಾನು ಹೇಳಲಾರೆ. ಒಂದೂವರೆ ಒಳಗೆ ಬರ್ಬೇಕು."

ಮುಂದಿನ ತಿಂಗಳ ಬಡ್ತಿಗೆ ಎಳ್ಳುನೀರು ಬಿಟ್ಟ ಹಾಗೆಯೇ. ಹೋದರೆ ಹೋಗಲಿ, ಕೊಟ್ಟ ಮಾತು ದೊಡ್ಡದು. 'ನನ್ನ ಅವಸರದಿಂದ ತಪ್ಪು ಪತ್ರ ಹೋಗಿದೆ' ಎಂದು ಬರೆದು ಸಹಿ ಹಾಕಿದಳು. ಆಮೇಲೆ ಟೈಲರಮ್ಮನ ಕಡೆ ತಿರುಗಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು.

ಟೈಲರಮ್ಮನ ಮುಖ ಕೆಂಪೇರಿತು. "ನಿಮ್ಮ ಅವಸರಕ್ಕಿಷ್ಟು ಬೆಂಕಿ ಹಾಕ! ನಾನು ಒಂದು ರವಿಕೆ ಕತ್ತರಿಸೋಕೂ ಎರಡು ಸಲ ಅಳೀತೀನಲ್ರೀ!"

"ನಿಜ. ತಪ್ಪು ನಂದೇ. ಆದ್ರೆ ಹಳದಿಗೆ ನಿಮ್ಮ ಹೆಸರು ಬೇಕು. ಆ ಜನಕ್ಕೆ ನಿಮ್ಮ ಅಂಗಡಿ ಎಲ್ಲಿದೆ ಅಂತ ಗೊತ್ತಿರ್ಬಹುದು. ಯೋಚನೆ ಮಾಡಿ."

"ಮಾಡಿ ಆಯ್ತು. ದಪ್ಪ ಅಕ್ಷರದಲ್ಲಿ ಬರೀರಿ, ಅಂಗಡಿ ವಿಳಾಸನೂ ಹಾಕಿ. ಮಗಳು ಮನೇಲಿ ಮಾತು ಬಿಟ್ಟದ್ದನ್ನ, ನೆರೆಹೊರೆಯೋರು ಏನಂತಾರೋ ಅಂತ ಇಷ್ಟು ದಿನ ಮುಚ್ಚಿಟ್ಟಿದ್ದೇ ಸಾಕು."

ಒಂದು ಹತ್ತಕ್ಕೆ ಎರಡೂ ಹೋದವು. ಒಂದು ಇಪ್ಪತ್ತಕ್ಕೆ ಫೋನು.

"ಹಳದಿಯಲ್ಲಿ ಬಸ್ಸಿನ ನಂಬರ್‌ನ ಕೊನೇ ಅಂಕಿ ಸರಿಯಾಗಿ ಕಾಣ್ತಿಲ್ಲ."

ಅರ್ಜೆಂಟಮ್ಮ ಹಲ್ಲು ಕಚ್ಚಿಕೊಂಡು ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದಳು. ಎರಡು ಸಲ ಓದಿದಳು.

ಎರಡು ಗಂಟೆ ಆಯಿತು. ಎರಡು ಹತ್ತು. ಎರಡು ಇಪ್ಪತ್ತಕ್ಕೆ ಫೋನು ಹೊಡೆದುಕೊಂಡಿತು.

"ಹುಡುಗಿ ನನ್ನೆದುರಿಗೇ ಕೂತಿದಾಳೆ. ಬೇಡಿ ಹಾಕಿಲ್ಲ. ನಾಳೆ ಬೆಳಿಗ್ಗೆ ನಾನೇ ಸೇತುವೆವರೆಗೂ ಕರ್ಕೊಂಡು ಬರ್ತೀನಿ. ವ್ಯಾನ್ ತಂದಿದ್ದ ಇಬ್ಬರು ಸಿಕ್ಕಿದಾರೆ, ಒಬ್ಬ ನಿಮ್ಮ ಕಡೆಯೋನು, ಒಬ್ಬ ನಮ್ಮ ಕಡೆಯೋನು. ನಿಮ್ಮೋನ ಕಡತ ಕಳಿಸಿ, ನಿಧಾನವಾಗಿ ಬರೀರಿ." ಕೊಕ್ಕೆ ಸಾಹೇಬ ಗಂಟಲು ಸರಿಮಾಡಿಕೊಂಡ. "ಆದ್ರೆ ಇವಳು ಒಂದೇ ಪ್ರಶ್ನೆ ಹಿಡಿದಿದಾಳೆ. ತನ್ನನ್ನ ಹಿಡಿದುಕೊಟ್ಟೋರು ಯಾರು ಅಂತ. ಏನು ಹೇಳ್ಲಿ?"

ಹೇಳಬಾರದು ಎಂಬುದು ನಿಯಮ. ಅರ್ಜೆಂಟಮ್ಮ ಬಾಯಿ ತೆರೆಯುವ ಮೊದಲೇ ಟೈಲರಮ್ಮ ರಿಸೀವರನ್ನು ಕಸಿದುಕೊಂಡಳು.

"ಅವಳಿಗೆ ಕೊಡಿ ಸ್ವಾಮಿ. ...ನಾನು ಕಣೇ, ಅಮ್ಮ. ನಾನೇ ಹಿಡಿದುಕೊಟ್ಟೆ. ಬೈಯೋದಿದ್ರೆ ಮನೆಗೆ ಬಂದು ಬೈ."

ಮನೆಗೆ ಬರುವವರೆಗೂ ಕಾಯದೆ ಆಚೆಯಿಂದ ಬೈಗುಳ ಶುರುವಾಯಿತು, ಮೇಜಿನ ಈಚೆಗೂ ಕೇಳುವಷ್ಟು ಜೋರಾಗಿ. ಎಂಟು ತಿಂಗಳಿಂದ ಊಟಕ್ಕೆ ಕರೆದರೂ ಬಾಯಿ ಬಿಡದಿದ್ದ ಮಗಳು ಅದು. ಟೈಲರಮ್ಮ ಕಣ್ಣೊರೆಸಿಕೊಳ್ಳಲೂ ಇಲ್ಲ, ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಕೂತಳು.

"ಹ್ಞೂಂ," ಎಂದಳು. "ಕೇಳ್ತಿದೀನಿ. ಇನ್ನೂ ಹೇಳು."