ಉಗ್ರಾಣಿ ಯಾವ ವರ್ಗಕ್ಕೆ?

ಆ ಬೆಳಿಗ್ಗೆ ಮಗಳು ಮನಸ್ಸಿನಲ್ಲೇ ಬೇಡಿಕೊಂಡದ್ದು ಒಂದೇ: ಅಪ್ಪ ವಕೀಲರ ಕಚೇರಿಗೆ ಬರದಿದ್ದರೆ ಸಾಕು. ಅವಳು ಸ್ನಾನ ಮುಗಿಸಿ ಈಚೆ ಬರುವಷ್ಟರಲ್ಲಿ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹೊಡೆದು, ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತಮ್ಮ ಹೆಸರಿನ ಕೆಲಸ, ತಾವಿಲ್ಲದೆ ನಡೆಯುವುದುಂಟೆ? ಅಮ್ಮನೂ ಹೊರಟು ನಿಂತಳು. ಅಪ್ಪ-ಮಗಳಿಬ್ಬರನ್ನೇ ಕಳಿಸಿದರೆ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ಎಳೆಯುತ್ತಾರೆಂದು ಅವಳಿಗೆ ಗೊತ್ತಿತ್ತು.

ಅಪ್ಪನಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು, ಆದರೆ ಬ್ಯಾಂಕಿನವರನ್ನು ಬಿಟ್ಟರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಬಸ್ಸು ರಿಪೇರಿ ಮಾಡುವ ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು, ಬೋಲ್ಟು, ಟ್ಯೂಬುಗಳನ್ನು ಕಾಯುತ್ತ ಕೂದಲು ಬಿಳಿ ಮಾಡಿಕೊಂಡ ಅವರು ಇಡೀ ಬೀದಿಗೇ ಉಗ್ರಾಣಿ. ಕಬ್ಬಿಣದ್ದು ಕಬ್ಬಿಣದ ಕಡೆ, ರಬ್ಬರಿನದು ರಬ್ಬರಿನ ಕಡೆ, ಅವರಿಗೆ ಗೊತ್ತಿದ್ದ ವೇದಾಂತ ಅಷ್ಟೇ. ನಿವೃತ್ತರಾದ ಮೇಲೆ ಅದು ಅಡಿಗೆಮನೆಗೆ ನುಗ್ಗಿತು. ಚಮಚ, ಕತ್ತರಿ, ಉಗುರು ತೆಗೆಯುವ ಕಟರ್ ಎಲ್ಲ ಒಂದೇ ಡಬ್ಬಿಯಲ್ಲಿ. ಯಾಕೆ ಅಂದರೆ ಎಲ್ಲ ಸ್ಟೀಲು! ಅಮ್ಮ ಹಣೆಹಣೆ ಚಚ್ಚಿಕೊಂಡರೂ ಆ ಕಾನೂನು ಬದಲಾಗಲಿಲ್ಲ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಇಂಜಿನಿಯರ್. ಅವಳು ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ಮಾಡಿದ್ದಳು. ಅದನ್ನು ಬಾಗಿಲ ಚೌಕಟ್ಟಿಗೆ ಅಂಟಿಸಿದರೆ ಹೊರಗೆ ಹೋಗುವವರನ್ನು ತಡೆದು, ಒಲೆ ಆರಿಸಿದ್ಯಾ, ಬೀಗ ಎಲ್ಲಿ, ಕನ್ನಡಕ ತಗೊಂಡ್ಯಾ ಅಂತ ಕೇಳುತ್ತಿತ್ತು. ಕೇಳುತ್ತಿದ್ದದ್ದು ಅಪ್ಪನದೇ ದನಿಯಲ್ಲಿ. ಅದು ಅಮ್ಮನ ಸಲಹೆ. "ಯಾರ ಮಾತೂ ಕೇಳದ ಮಹಾನುಭಾವ. ತನ್ನ ಮಾತನ್ನಾದ್ರೂ ಕೇಳ್ಲಿ," ಅಂದಿದ್ದಳು. ಪೆಟ್ಟಿಗೆಯ ಹೆಸರೂ 'ಉಗ್ರಾಣಿ' ಎಂದಾಯಿತು. ಇನ್ನು ಅಂಗಡಿಗಳಲ್ಲಿ ತಮ್ಮ ಹೆಸರಿನ ಸಾಮಾನು ಸಿಗುತ್ತದೆಂದು ಅಪ್ಪ ಬೀದಿಗೆಲ್ಲ ಡಂಗುರ ಹೊಡೆದು ಬಂದರು.

ಅವರಿಗೆ ಹೇಳದೆ ಉಳಿಸಿದ್ದ ಮಾತು ಒಂದಿತ್ತು. ಪೆಟ್ಟಿಗೆ ಮಾಡಿದ್ದೇ ಅವರಿಗಾಗಿ. ಅಪ್ಪ ಈಚೆಗೆ ಮರೆಯುತ್ತಿದ್ದರು. ಒಮ್ಮೆ ಹಾಲು ಒಲೆಯ ಮೇಲಿಟ್ಟು ಪೇಪರು ತರಲು ಹೋದವರು ಪಾತ್ರೆ ಸೀದು ಕರಿ ಹಿಡಿದ ಮೇಲೆ ಬಂದರು. ಇನ್ನೊಮ್ಮೆ ಪಕ್ಕದ ಬೀದಿಯ ಯಾರದೋ ಬಾಗಿಲಿಗೆ ತಮ್ಮ ಮನೆಯ ಬೀಗದ ಕೈ ತಿರುವುತ್ತ ನಿಂತಿದ್ದರು. ಇದನ್ನು ಮುಖಕ್ಕೆ ಹೇಳುವ ಧೈರ್ಯ ಯಾರಿಗಿದೆ? ಕೆಲಸಕ್ಕೆ ಓಡುವ ಗಡಿಬಿಡಿ ಗಂಡ ಹೆಂಡತಿಯರಿಗೆ ಇದನ್ನು ಮಾಡಿದ್ದು ಅಂತ ಮಗಳು ಸುಳ್ಳು ಹೇಳಿದ್ದಳು. ಈಗ ಬೇರೆ ಯಾರೂ ಬಳಸದಂತೆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಬೇಕು, ಅದಕ್ಕೆ ಸರ್ಕಾರದ ಪಟ್ಟಿಯಲ್ಲಿ ಸಾಮಾನಿನ ಒಂದು ವರ್ಗ ಆರಿಸಬೇಕು. ಮರೆವಿನವರ ಉಪಕರಣ ಎಂದರೆ ಹತ್ತನೇ ವರ್ಗ, ರೋಗಿಗಳ ಸಾಮಾನಿನ ಜೊತೆ ಎಂದು ಅವಳು ಇಂಟರ್ನೆಟ್ಟಿನಲ್ಲಿ ಓದಿದ್ದಳು. ಅಪ್ಪನ ಹೆಸರನ್ನು ಅಪ್ಪನ ಕಣ್ಣೆದುರೇ ರೋಗಿಗಳ ಸಾಲಿಗೆ ಸೇರಿಸುವುದೇ? ಆ ಮನುಷ್ಯ ಮತ್ತೆ ಬೀದಿಯಲ್ಲಿ ತಲೆ ಎತ್ತಿ ನಡೆದಾನೆಯೇ? ಯಾರಿಗಾಗಿ ಮಾಡಿದ್ದು ಅನ್ನುವುದನ್ನು ಬಾಯಿ ಬಿಡದೆ ಎಲೆಕ್ಟ್ರಾನಿಕ್ ಸಾಮಾನಿನ ಒಂಬತ್ತನೇ ವರ್ಗಕ್ಕೆ ದಾಟಿಸಿಬಿಡಬೇಕು ಎಂದು ಅವಳು ಹಲ್ಲು ಕಚ್ಚಿ ಹೊರಟಳು.

ವಕೀಲರ ಕಚೇರಿ ಟೈರು ಅಂಗಡಿಯ ಮಹಡಿಯಲ್ಲಿತ್ತು. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಉಗ್ರಾಣಿ ತವರಿಗೆ ಬಂದವರ ಹಾಗೆ ಮೂಗರಳಿಸಿಕೊಂಡು ಹತ್ತಿದರು. ವಕೀಲರು ಚುರುಕು ಕಣ್ಣಿನ ಹೆಂಗಸು. ಮೇಜಿನ ಮೇಲಿಟ್ಟ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಏನಿದು?" ಅಂದರು.

"ಪ್ಲಾಸ್ಟಿಕ್ಕು," ಅಂದರು ಉಗ್ರಾಣಿ, ಮಗಳು ತುಟಿ ಎರಡು ಮಾಡುವ ಮೊದಲೇ. "ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ ಮೇಡಂ? ಪ್ಲಾಸ್ಟಿಕ್ ಸಾಮಾನಿನ ಜೊತೆ ಹಾಕ್ಬಿಡಿ, ನಾವು ಮನೆಗೆ ಹೋಗ್ತೀವಿ."

"ಹಾಗಾದ್ರೆ ನಿಮ್ಮ ಬಕೆಟ್ಟು, ಮೊಬೈಲು ಎರಡನ್ನೂ ಒಂದೇ ಕಡೆ ಹಾಕ್ಬೇಕಾಗುತ್ತೆ ಸರ್. ಯಾತರಿಂದ ಮಾಡಿದ್ದು ಅನ್ನೋದು ಇಲ್ಲಿ ಆಮೇಲಿನ ಮಾತು. ಯಾತಕ್ಕೆ ಮಾಡಿದ್ದು ಅನ್ನೋದು ಮೊದಲು. ತಪ್ಪು ವರ್ಗಕ್ಕೆ ಹಾಕಿದ್ರೆ, ನಾಳೆ ಇನ್ಯಾರೋ ಇಂಥದ್ದೇ ಪೆಟ್ಟಿಗೆಗೆ ಇದೇ ಹೆಸರಿಟ್ಟು ಮಾರಿದ್ರೂ ನೀವು ಬಾಯಿ ಬಡ್ಕೋಬೇಕು, ಅಷ್ಟೆ."

ತಮ್ಮ ಹೆಸರನ್ನು ಇನ್ಯಾರೋ ಮಾರುವುದು ಎಂದ ಕೂಡಲೇ ಉಗ್ರಾಣಿ ನೆಟ್ಟಗೆ ಕೂತರು. "ಹೇಳೇ ಪುಟ್ಟಿ, ಯಾತಕ್ಕೆ ಇದು? ಬಿಡಿಸಿ ಹೇಳು."

ನೆನಪು ಎಂದರೆ ಸಾಕು, ಯಾರ ಮರೆವು ಎಂಬ ಪ್ರಶ್ನೆ ಬರುತ್ತದೆಂದು ಮಗಳು ಮಾತು ತಿರುಗಿಸಿದಳು. "ಅದು... ಬಾಗಿಲಿಗೆ ಹಾಕೋದು ಮೇಡಂ. ಸಮಯಕ್ಕೆ ಸರಿಯಾಗಿ ಮಾತಾಡುತ್ತೆ."

"ಗಡಿಯಾರಾನಾ? ಗಡಿಯಾರ, ಒಡವೆ ಎಲ್ಲ ಹದಿನಾಲ್ಕನೇ ವರ್ಗ."

"ಒಡವೆ ಜೊತೆ ಅಂದ್ರೆ ಪರವಾಗಿಲ್ಲ, ಅಲ್ಲೇ ಇರ್ಲಿ," ಅಂದಳು ಅಮ್ಮ.

"ಗಡಿಯಾರ ಅಲ್ಲಮ್ಮಾ. ಅದು ಮಾತಾಡಿದ್ರೆ ಜನಕ್ಕೆ... ಒಂಥರಾ ಖುಷಿ."

"ಹೌದು ಹೌದು, ನೆರೆಮನೆ ಮಕ್ಕಳು ಬಿದ್ದು ಬಿದ್ದು ನಗ್ತಾವೆ," ಅಂತ ಅಮ್ಮ ಮೇಜಿನ ಕೆಳಗೆ ಮಗಳ ಕಾಲು ತುಳಿದು ಬೆಂಬಲಕ್ಕೆ ಬಂದಳು.

"ಆಟದ ಸಾಮಾನು. ಇಪ್ಪತ್ತೆಂಟನೇ ವರ್ಗ," ಅಂದರು ವಕೀಲರು.

"ಆಟದ ಸಾಮಾನಾ!" ಉಗ್ರಾಣಿ ಕುರ್ಚಿಯಿಂದ ಅರ್ಧ ಎದ್ದರು. "ನನ್ನ ಹೆಸರು ಗೊಂಬೆ ಜೊತೆನಾ?"

ವಕೀಲರ ತಾಳ್ಮೆ ತಳ ಕಂಡಿತು. "ನೋಡಮ್ಮಾ, ಇದನ್ನ ನೀನೇ ಮಾಡಿದ್ದೋ, ಇಲ್ಲಾ ದಾರೀಲಿ ಬಿದ್ದಿತ್ತೋ?" ಎನ್ನುತ್ತ, ಹೊರಗಿನ ಗುಮಾಸ್ತರಿಗೆ ಏನೋ ಹೇಳಲು ಎದ್ದು ಬಾಗಿಲು ತೆರೆದರು. ಪೆಟ್ಟಿಗೆ ಬಾಗಿಲ ಕಡೆಗೇ ಮುಖ ಮಾಡಿತ್ತು. ಮಗಳು ಅದನ್ನು ಆಫ್ ಮಾಡಿರಲಿಲ್ಲ.

"ನಿಂತ್ಕೋ ಅಲ್ಲೇ!" ಎಂದು ಅದು ಗುಡುಗಿತು. "ಒಲೆ ಆರಿಸಿದ್ಯಾ?"

"ಆರಿಸಿದೀನಿ," ಅಂದರು ವಕೀಲರು ಬೆಚ್ಚಿ, ಶಾಲೆಯ ಹುಡುಗಿಯ ಹಾಗೆ. ಆಮೇಲೆ ತಿರುಗಿ ಬಂದು ಕೂತು, ಮುಖದ ಬಿಗಿ ಸಡಿಲಿಸಿ ಕೇಳಿದರು. "ಓಹೋ. ನೆನಪು ಮಾಡೋದು. ಅಷ್ಟು ಹೇಳೋಕೆ ಇಷ್ಟು ಸುತ್ತಾ? ಯಾರಿಗೆ ಇದು?"

ಅಮ್ಮ ಫ್ಯಾನು ನೋಡಿದಳು. ಮಗಳು, "ಒಂಬತ್ತಕ್ಕೇ ಹಾಕ್ಬಿಡಿ ಮೇಡಂ, ಎಲೆಕ್ಟ್ರಾನಿಕ್ಕು," ಎಂದು ಅವಸರಿಸಿದಳು.

"ಒಂಬತ್ತರಲ್ಲಿ ಏನೇನಿದೆ?" ಅಂದರು ಉಗ್ರಾಣಿ.

"ಕಂಪ್ಯೂಟರು, ತಕ್ಕಡಿ, ಕನ್ನಡಕ, ಬೆಂಕಿ ಆರಿಸೋ ಯಂತ್ರ, ನೀರೊಳಗೆ ಮುಳುಗೋರ ಉಡುಪು..."

"ಶಿವ ಶಿವಾ! ತಕ್ಕಡಿ ಪಕ್ಕ ಕನ್ನಡಕ, ಕನ್ನಡಕದ ಪಕ್ಕ ಬೆಂಕಿ! ಯಾವ ಪುಣ್ಯಾತ್ಮ ಜೋಡಿಸಿದ್ದು ಇದನ್ನ? ನನ್ನ ಉಗ್ರಾಣದಲ್ಲಿ ಹೀಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ. ಹತ್ತರಲ್ಲಿ?"

ಮಗಳು ಕಣ್ಣು ಮುಚ್ಚಿಕೊಂಡಳು.

"ಅದು ಆಸ್ಪತ್ರೆ ಉಪಕರಣ ಸರ್. ಕೃತಕ ಕೈ ಕಾಲು, ಕಟ್ಟಿಸಿಕೊಂಡ ಹಲ್ಲು..."

"ನನ್ನ ಹಲ್ಲು ಆಗ್ಲೇ ಅಲ್ಲಿದೆ ಅಂತಾಯ್ತು," ಅಂದರು ಉಗ್ರಾಣಿ. ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹಲ್ಲಿರೋ ಕಡೆ ತಲೆನೂ ಇರ್ಲಿ. ಹತ್ತಕ್ಕೆ ಹಾಕಿ ಮೇಡಂ. ಇದು ನನಗೆ ಮಾಡಿದ್ದು. ನನಗೆ ಮರೆವು."

"ಅಪ್ಪಾ, ಹಾಗಲ್ಲ..."

"ಸುಮ್ನಿರೇ. ಹಾಲಿನ ಪಾತ್ರೆ ಸೀದ ಮೇಲೇ ತಾನೆ ಈ ಪೆಟ್ಟಿಗೆ ಬಾಗಿಲಿಗೆ ಬಂದಿದ್ದು? ಗಡಿಬಿಡಿ ಗಂಡ ಹೆಂಡ್ತಿಗಂತೆ! ನಮ್ಮನೇಲಿ ಗಡಿಬಿಡಿ ಯಾರಿಗಿದೆ? ನಾವಿಬ್ರೂ ಪಿಂಚಣಿ ತಿನ್ಕೊಂಡು ಕೂತಿರೋರು. ಹೇಳಿಬಿಟ್ರೆ ನಿನ್ನ ಮುಖ ಸಣ್ಣಗಾಗುತ್ತೆ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ." ಅವರು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. "ಭಯ ಆಗುತ್ತೆ ಮೇಡಂ, ಸುಳ್ಳು ಯಾಕೆ ಹೇಳ್ಲಿ? ಯಾವತ್ತೋ ಒಂದಿನ ನನ್ನ ಹೆಂಡ್ತೀನ ಒಳಗೆ ಬಿಟ್ಟು, ಒಲೆ ಹಚ್ಚಿಟ್ಟು, ನಾನು ಹೋಗ್ಬಿಟ್ರೆ ಅಂತ. ನನ್ನಂಥೋರು ಎಷ್ಟೋ ಜನ ಇರ್ತಾರೆ. ಅವರ ಕೈಗೆ ಸಿಗೋ ಕಡೆ ಇರ್ಲಿ ನನ್ನ ಹೆಸರು."

ಅಮ್ಮ ಆ ಕೈಗಳ ಮೇಲೆ ತನ್ನ ಕೈ ಇಟ್ಟಳು. ಇಷ್ಟು ದಿನ ತಾನು ಅಪ್ಪನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು, ಆ ಭಯದ ಜೊತೆ ಅವರೊಬ್ಬರನ್ನೇ ಬಿಟ್ಟಿದ್ದೆನಲ್ಲಾ ಎಂದು ಮಗಳಿಗೆ ನಾಚಿಕೆಯಾಯಿತು.

ವಕೀಲರು ಮೆಲ್ಲಗೆ ಕೆಮ್ಮಿದರು. "ಸರ್, ಈ ಪೆಟ್ಟಿಗೆ ಚಿಕಿತ್ಸೆ ಏನಾದ್ರೂ ಕೊಡುತ್ತಾ? ರೋಗ ಇದೆಯಾ ಇಲ್ವಾ ಅಂತ ಪರೀಕ್ಷೆ ಮಾಡುತ್ತಾ?"

"ಇಲ್ಲ. ಬೈಯುತ್ತೆ ಅಷ್ಟೆ," ಅಂದಳು ಅಮ್ಮ.

"ಹಾಗಾದ್ರೆ ಹತ್ತಕ್ಕೆ ಹೋಗಲ್ಲ. ಯಾರು ಮರೆತ್ರೂ ಒಂದೇ, ಬರೀ ನೆನಪು ಮಾಡೋ ಯಂತ್ರ ಅಂದ್ರೆ ಒಂಬತ್ತು. ಮೊದಲೇ ಹೇಳಿದ್ರೆ ಆಗ್ಲೇ ಮುಗೀತಿತ್ತು."

ಮಗಳು ಪೆನ್ನು ಕೈಗೆತ್ತಿಕೊಂಡಳು. ಆ ಒಂದು ಸುಳ್ಳಿಗಾಗಿ ಗಡಿಯಾರ, ಒಡವೆ, ಗೊಂಬೆ ಎಂದು ಊರೆಲ್ಲ ಸುತ್ತಿದ್ದಾಗಿತ್ತು. ಹತ್ತಿರದ ದಾರಿ ಮೊದಲಿನಿಂದಲೂ ಕಾಲ ಬುಡದಲ್ಲೇ ಇತ್ತು. ಅವಳು ಸಹಿ ಹಾಕಿದಳು. ಉಗ್ರಾಣಿ, ತಮ್ಮ ಹೆಸರನ್ನು ತಕ್ಕಡಿ ಪಕ್ಕ ಇಡಬಾರದೆಂದೂ ಕನ್ನಡಕದ ಪಕ್ಕ ಇಡಬೇಕೆಂದೂ ಕೊನೆಯವರೆಗೆ ವಾದಿಸಿದರು. ಇಲ್ಲಿ ಯಾವ ಕಪಾಟೂ ಇಲ್ಲ ಎಂದು ವಕೀಲರು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ.

ಮೆಟ್ಟಿಲಿಳಿಯುವಾಗ ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ.

"ಅಲ್ಲ ಕಣೇ, ನನಗೇ ಮಾಡಿದ್ದು ಅಂತ ಹೇಳೋಕೆ ನಿಂಗೇನಾಗಿತ್ತು?"

"ನಿಂಗೆ ಬೇಜಾರಾಗುತ್ತೆ ಅಂತ ಅಪ್ಪಾ."

"ಆಗ್ತಿತ್ತು, ತುಂಬಾ ಆಗ್ತಿತ್ತು," ಅಂದರು ಉಗ್ರಾಣಿ. "ಆದ್ರೆ ಸಂಜೆಯೊಳಗೆ ಮರ್ತು ಹೋಗ್ತಿತ್ತಲ್ಲೇ ಹುಚ್ಚಿ!" ಎಂದು, ಅವಳಿಗಿಂತ ಮೊದಲು ತಾವೇ ನಕ್ಕರು.